ರೆಂಬಾವ್: ಹೊಲ ಮನೆ ಹೆಂಗಸರ ಹೆಸರಲ್ಲಿ, ಪಟ್ಟ ತಾಯಿಯ ಕಡೆಯಿಂದ

ಸೆರೆಂಬನ್_ವಾಸಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಮಲೇಷ್ಯಾದ ಸೆರೆಂಬನ್‌ಗೆ ಬಂದು ಆರು ವರ್ಷ ಆಯ್ತು. ಇದು ನೆಗರಿ ಸೆಂಬಿಲಾನ್ ರಾಜ್ಯದ ರಾಜಧಾನಿ. ಆ ಹೆಸರಿನ ಅರ್ಥವೇ ‘ಒಂಬತ್ತು ನಾಡು’. ಇಲ್ಲಿಂದ ಕಾರಲ್ಲಿ ಅರ್ಧ ಗಂಟೆ ಹೋದರೆ ರೆಂಬಾವ್ ಅಂತ ಒಂದು ಹಳ್ಳಿಗಾಡಿನ ಜಿಲ್ಲೆ ಇದೆ. ರಬ್ಬರ್ ತೋಟ, ಗದ್ದೆ, ತೆಂಗು, ಮಧ್ಯೆ ಮಧ್ಯೆ ಕಂಬದ ಮೇಲೆ ನಿಂತ ಮರದ ಮನೆಗಳು.

ಕಳೆದ ವಾರ ಜೊತೆಗೆ ಕೆಲಸ ಮಾಡುವ ಒಬ್ಬರು ಅಲ್ಲಿಗೆ ಊಟಕ್ಕೆ ಕರೆದುಕೊಂಡು ಹೋಗಿದ್ದರು. ಮನೆ ಮುಂದೆ ಚಪ್ಪಲಿ ಬಿಡುತ್ತಾ ಸುಮ್ನೆ ಕೇಳಿದೆ, “ಇದು ನಿಮ್ಮ ಮನೆಯಾ?” ಅಂತ. “ಇಲ್ಲ, ನನ್ನ ತಂಗಿಯದು” ಅಂದರು. “ಗದ್ದೆ?” “ಅದೂ ತಂಗಿಯರದ್ದು.” “ಹಾಗಾದರೆ ನಿಮ್ಮದು?” “ನಾನು ಹುಟ್ಟಿದ ಮನೆ ಇದು. ಬಾಳುವ ಮನೆ ಹೆಂಡತಿಯದು.” ಈ ಮಾತು ಹೇಳುವಾಗ ಅವರ ಮುಖದಲ್ಲಿ ಚೂರೂ ಬೇಜಾರು ಇರಲಿಲ್ಲ. ನಮ್ಮ ಕಡೆ ಗಂಡಸರು ‘ಇದು ನಮ್ಮಪ್ಪನ ಮನೆ’ ಅನ್ನುವಷ್ಟೇ ಸಲೀಸಾಗಿ ಹೇಳಿದರು.

ಅವರ ಅಮ್ಮನಿಗೆ ಎಂಬತ್ತು ದಾಟಿದೆ, ಮನೆಯ ಮಕ್ಕಳಿಗೆ ಅಜ್ಜಿ. ಇಲ್ಲಿ ಅಜ್ಜಿಗೆ ‘ಉವಾನ್’ ಅಂತಾರೆ. ಅವರು ಅಡುಗೆಮನೆಯ ನೆಲದ ಮೇಲೆ ಕೂತು ಸೂಜಿಮೆಣಸನ್ನು ಹಸಿ ಅರಿಶಿನದ ಜೊತೆ ಅರೆಯುತ್ತಿದ್ದರು. ತೆಂಗಿನ ಹಾಲಿನಲ್ಲಿ ಎಳೆ ಹಲಸು ಬೇಯುತ್ತಿತ್ತು. ಊಟ ಆದಮೇಲೆ ಅಜ್ಜಿ ತಮ್ಮ ಜಮೀನಿನ ಹಳೇ ಪತ್ರ ತೋರಿಸಿದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಟ್ಟೆಗಳ ಕೆಳಗೆ ಇಟ್ಟಿದ್ದರು. ಮೇಲಿನ ಹೆಸರು ಅವರ ಅಮ್ಮನದು. ಕೆಳಗೆ ಅವರದು. ಅದಕ್ಕೂ ಕೆಳಗೆ ಅವರ ಹೆಣ್ಣುಮಕ್ಕಳದ್ದು. ಒಂದೇ ಒಂದು ಗಂಡಸಿನ ಹೆಸರಿಲ್ಲ. ಜೊತೆಗೆ ‘ಪದ್ಧತಿಯ ಭೂಮಿ’ ಅಂತ ಒಂದು ಷರಾ, ಅವರ ಕುಲದ ಹೆಸರು.

ಈ ಪದ್ಧತಿಗೆ ‘ಅದಾತ್ ಪರ್ಪಾತಿಹ್’ ಅಂತ ಹೆಸರು. ಆಮೇಲೆ ಒಂದಷ್ಟು ಓದಿದೆ, ಜನರನ್ನೂ ಕೇಳಿದೆ. ಇಲ್ಲಿ ಬರೆಯಲು ಕಾರಣ, ನಮ್ಮ ತುಳುನಾಡಿನವರು ಈ ವೇದಿಕೆಯಲ್ಲಿ ಜಾಸ್ತಿ ಇದ್ದೀರಿ. ಅಳಿಯಕಟ್ಟು (ಅಳಿಯಸಂತಾನ, ಅಂದರೆ ಕುಲ, ಆಸ್ತಿ ತಾಯಿ ಕಡೆಯಿಂದ ಸಾಗುವ ಪದ್ಧತಿ) ಗೊತ್ತಿದ್ದವರಿಗೆ ಇದು ನನಗಿಂತ ಬೇಗ ಅರ್ಥ ಆಗುತ್ತೆ ಅನ್ನಿಸಿತು.

ಹಾಸನದ_ಹುಡುಗಿ

ಓದಿ ಮೈ ಜುಮ್ ಅಂತು ಅಣ್ಣ. ಆದರೆ ಮಲಯರು ಮುಸ್ಲಿಮರು ಅಲ್ವಾ? ಅವರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು ಅಂತ ಕೇಳಿದ್ದೆ. ಇದು ಹೇಗೆ ನಡೆಯುತ್ತೆ?

ಸೆರೆಂಬನ್_ವಾಸಿ

ಒಳ್ಳೇ ಪ್ರಶ್ನೆ. ಇದೇ ಇಲ್ಲಿನ ಹಳೇ ಜಗಳ ಕೂಡ.

ಮೊದಲು ಇವರು ಎಲ್ಲಿಂದ ಬಂದವರು ಅಂತ ಹೇಳಿಬಿಡ್ತೀನಿ. ಸುಮಾತ್ರಾ ದ್ವೀಪದ ಪಶ್ಚಿಮದಲ್ಲಿ ಮಿನಂಗ್‌ಕಬಾವ್ ಅನ್ನುವ ಜನ ಇದ್ದಾರೆ. ಗಂಡುಮಕ್ಕಳು ಊರು ಬಿಟ್ಟು ದುಡಿಯಲು ಹೋಗುವುದು ಅವರ ಹಳೇ ರೂಢಿ. ಹಾಗೆ ಜಲಸಂಧಿ ದಾಟಿ ಬಂದವರು ಮಲಾಕ್ಕಾದ ಹಿಂದಿನ ಕಣಿವೆಗಳಲ್ಲಿ ಗದ್ದೆ ಮಾಡಿದರು. ರೆಂಬಾವ್, ನಾನಿಂಗ್, ಜೆಲೆಬು, ಜೊಹೋಲ್ ಎಲ್ಲ ಹಾಗೆ ಬೆಳೆದ ನಾಡುಗಳು. ಬರುವಾಗ ತಾಯಿ ಕಡೆಯ ಕುಲದ ಪದ್ಧತಿಯನ್ನೂ ತಂದರು.

ಕುಲಕ್ಕೆ ಇಲ್ಲಿ ‘ಸುಕು’ ಅಂತಾರೆ. ಒಟ್ಟು 12 ಸುಕುಗಳು. ಮಗು ಯಾವಾಗಲೂ ತಾಯಿಯ ಸುಕುವಿಗೆ ಸೇರುತ್ತೆ. ಸುಕುವಿನ ಒಳಗಿನ ಕವಲಿಗೆ ‘ಪರೂತ್’ ಅಂತ ಹೆಸರು. ಪರೂತ್ ಅಂದರೆ ಹೊಟ್ಟೆ! ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅಂತ ನಾವೂ ಹೇಳ್ತೀವಲ್ಲ, ಥೇಟ್ ಅದೇ.

ಈಗ ನಿಮ್ಮ ಪ್ರಶ್ನೆಗೆ. ಇವರು ಆಸ್ತಿಯನ್ನು ಎರಡು ಬಗೆಯಾಗಿ ನೋಡ್ತಾರೆ. ಹಿರಿಯರಿಂದ ಬಂದದ್ದು ‘ಪುಸಾಕಾ’. ಅದು ಯಾವ ಒಬ್ಬ ವ್ಯಕ್ತಿಯದ್ದೂ ಅಲ್ಲ, ಕುಲದ್ದು. ಹೆಂಗಸರು ಅದನ್ನು ಕಾಪಾಡುವವರು. ಹಾಗಾಗಿ ಅದು ‘ಸತ್ತವರ ಸ್ವಂತ ಆಸ್ತಿ’ ಅಲ್ಲ, ಧರ್ಮದ ಲೆಕ್ಕದಲ್ಲಿ ಪಾಲು ಮಾಡುವ ಪ್ರಶ್ನೆ ಬರುವುದಿಲ್ಲ ಅನ್ನುವುದು ಪದ್ಧತಿ ಕಡೆಯವರ ವಾದ. ಗಂಡ ಹೆಂಡತಿ ತಾವೇ ದುಡಿದು ಮಾಡಿದ್ದು ಬೇರೆ. ಅದಕ್ಕೆ ಒಂದು ಗಾದೆ ಇದೆ, ಅಜ್ಜಿ ಹಾಡಿನ ಥರ ಹೇಳಿದರು: “ಚಾರಿಯನ್ ಬಹಾಗಿ, ದಪಾತನ್ ತಿಂಗ್ಗಲ್, ಪೆಂಬಾವಾ ಕೆಂಬಾಲಿ.” ಜೊತೆಯಾಗಿ ಗಳಿಸಿದ್ದು ಪಾಲಾಗುತ್ತೆ, ಹೆಂಡತಿಯದು ಅಲ್ಲೇ ಉಳಿಯುತ್ತೆ, ಗಂಡ ತಂದದ್ದು ಅವನ ಕಡೆಗೆ ವಾಪಸ್ ಹೋಗುತ್ತೆ. ಮದುವೆ ಮುರಿದರೂ ಇದೇ, ಒಬ್ಬರು ತೀರಿಕೊಂಡರೂ ಇದೇ.

1951ರಲ್ಲಿ ಇದೇ ರೆಂಬಾವ್‌ನಲ್ಲಿ ದೊಡ್ಡ ಗಲಾಟೆ ಆಗಿತ್ತು. ಪುಸಾಕಾ ಜಮೀನನ್ನೂ ಧರ್ಮದ ಪ್ರಕಾರವೇ ಹಂಚಬೇಕು ಅಂತ ಕೆಲವು ಗಂಡಸರು ಹೊರಟರು. ಹೆಂಗಸರು ಒಪ್ಪಲಿಲ್ಲ. ಹಟ ಮಾಡಿದರೆ ವಿಚ್ಛೇದನ ಕೇಳ್ತೀವಿ ಅಂದರು. ಗಂಡಂದಿರು ಇದ್ದದ್ದು ಹೆಂಡತಿಯರ ಮನೆಯಲ್ಲಿ. ಬದಲಾವಣೆ ಅಲ್ಲಿಗೇ ನಿಂತಿತು.

ಗುತ್ತಿನ_ಮಗಳು

ಸೆರೆಂಬನ್ ಅಣ್ಣ, ನಾನು ಉಡುಪಿ ಕಡೆಯವಳು. ನೀವು ‘ಪರೂತ್’ ಅಂದಾಗ ನನಗೆ ನಮ್ಮ ‘ಬರಿ’ ನೆನಪಾಯ್ತು. ತುಳುವಿನಲ್ಲಿ ಬರಿ ಅಂದರೆ ಪಕ್ಕೆ, ಮೈಯ ಒಂದು ಬದಿ. ನಮ್ಮ ಕುಲಕ್ಕೂ ಅದೇ ಹೆಸರು, ಅದೂ ತಾಯಿಯಿಂದ ಬರುವುದು. ಒಂದೇ ಬರಿಯವರು ಮದುವೆ ಆಗುವ ಹಾಗಿಲ್ಲ. ಅಲ್ಲೂ ಹೀಗೇನಾ?

ಸೆರೆಂಬನ್_ವಾಸಿ

ಹೌದು ಅಕ್ಕ, ಅದೇ. ಒಂದೇ ಸುಕುವಿನೊಳಗೆ ಮದುವೆ ಇಲ್ಲ. ಪರಿಚಯವೇ ಇಲ್ಲದಿದ್ದರೂ ಅಣ್ಣ ತಂಗಿ ಲೆಕ್ಕ. ಹೊರಗಿನವರು ಬಂದರೆ ‘ಬರ್‌ಕದಿಮ್’ ಅಂತ ಒಂದು ಶಾಸ್ತ್ರ ಇದೆ. ಅವರನ್ನು ಒಂದು ಸುಕುವಿಗೆ ದತ್ತು ತೆಗೆದುಕೊಳ್ತಾರೆ. ಪ್ರಾಣಿ ಕಡಿದು ಊರಿಗೆ ಊಟ ಹಾಕಿ, ಹಿರಿಯರ ಮುಂದೆ ‘ಇವರು ಇನ್ನು ಮೇಲೆ ನಮ್ಮವರು’ ಅಂತ ಸಾರುತ್ತಾರೆ. ಆಗ ಹೇಳುವ ಮಾತು ಚೆನ್ನಾಗಿದೆ: ಹುಳದ ಯಕೃತ್ತಿನಷ್ಟು ಸಿಕ್ಕರೆ ಎಲ್ಲರೂ ಅದ್ದಿಕೊಂಡು ತಿನ್ನೋಣ, ಆನೆಯ ಯಕೃತ್ತಿನಷ್ಟು ಸಿಕ್ಕರೆ ಎಲ್ಲರೂ ಕೊಯ್ದುಕೊಂಡು ತಿನ್ನೋಣ ಅಂತ.

ಮೈಸೂರು_ಮೇಷ್ಟ್ರು

ಹಾಗಾದರೆ ಅಲ್ಲಿ ಹೆಂಗಸರದ್ದೇ ರಾಜ್ಯ ಅನ್ನಿ. ನಾಡಿನ ಮುಖ್ಯಸ್ಥರೂ ಹೆಂಗಸರೇ ಇರಬೇಕಲ್ಲ?

ಸೆರೆಂಬನ್_ವಾಸಿ

ಇಲ್ಲ ಸರ್, ಇಲ್ಲೇ ನಾನೂ ಮೊದಲು ಎಡವಿದ್ದೆ. ಪಟ್ಟದಲ್ಲಿ ಕೂರುವವರು ಗಂಡಸರು. ಆದರೆ ಆ ಪಟ್ಟ ಅವರಿಗೆ ಬರುವುದು ಅಮ್ಮನಿಂದ. ಅಪ್ಪ ಎಷ್ಟು ದೊಡ್ಡವನಾದರೂ ಮಗನಿಗೆ ಪಟ್ಟ ಬಿಟ್ಟು ಹೋಗುವ ಹಾಗಿಲ್ಲ.

ಕೆಳಗಿನಿಂದ ಹೇಳ್ತೀನಿ. ಒಂದು ‘ಹೊಟ್ಟೆ’ಯ ಹಿರಿಯ ‘ಬುವಾಪಾಕ್’. ಈ ಪದ ಇಬು-ಬಪಾಕ್ ಅನ್ನುವುದರಿಂದ ಬಂದದ್ದು, ಅಂದರೆ ತಾಯಿ-ತಂದೆ. ತಾಯಿ ಮೊದಲು! ಒಂದು ಸುಕುವಿನ ಮುಖ್ಯಸ್ಥ ‘ಲೆಂಬಾಗಾ’. ಇಡೀ ನಾಡಿನ ಒಡೆಯ ‘ಉಂದಾಂಗ್’. ಮಲಯ ಭಾಷೆಯಲ್ಲಿ ಉಂದಾಂಗ್-ಉಂದಾಂಗ್ ಅಂದರೆ ಕಾನೂನು. ಆಳುವವನ ಹೆಸರೂ ಕಾನೂನಿನ ಹೆಸರೂ ಒಂದೇ ಪದ.

ದೊಡ್ಡ ಉಂದಾಂಗ್‌ಗಳು ನಾಲ್ಕು ಜನ, ನಾಡಿಗೊಬ್ಬರು: ಸುಂಗೈ ಊಜೊಂಗ್, ಜೆಲೆಬು, ಜೊಹೋಲ್, ರೆಂಬಾವ್. ರೆಂಬಾವ್‌ನಲ್ಲಿ ಪಟ್ಟ ಎರಡು ಕವಲುಗಳ ಮಧ್ಯೆ ಸರದಿಯಲ್ಲಿ ತಿರುಗುತ್ತೆ. ಒಮ್ಮೆ ‘ಸೆದಿಯಾ ರಾಜಾ’ ಬಿರುದಿನವರು, ಮುಂದಿನ ಸಲ ‘ಲೆಲಾ ಮಹಾರಾಜಾ’ ಬಿರುದಿನವರು. ಉಂದಾಂಗ್ ಆಗುವವರು ಬಿದುವಾಂಡಾ ಅನ್ನುವ ಸುಕುವಿನವರು. ಯಾಕೆ ಅಂದರೆ, ಸುಮಾತ್ರಾದಿಂದ ಬಂದವರು ಇಲ್ಲಿನ ಮೂಲನಿವಾಸಿ ನಾಯಕರ ಹೆಣ್ಣುಮಕ್ಕಳನ್ನು ಮದುವೆಯಾದರು, ಆ ಮಕ್ಕಳ ಸಂತತಿಯೇ ಬಿದುವಾಂಡಾ ಅನ್ನುವುದು ಪರಂಪರೆಯ ಮಾತು. ಅಂದರೆ ನೆಲದ ಹಕ್ಕು ಬಂದದ್ದೇ ಈ ನೆಲದ ಹೆಣ್ಣಿನಿಂದ. ಇಡೀ ವ್ಯವಸ್ಥೆ ಈ ಒಂದು ಗೂಟಕ್ಕೆ ಕಟ್ಟಿದ ಹಾಗಿದೆ ಅನ್ನಿಸುತ್ತೆ ನನಗೆ.

ಮೈಸೂರು_ಮೇಷ್ಟ್ರು

ತಿದ್ದಿದ್ದಕ್ಕೆ ಧನ್ಯವಾದ. ಮತ್ತೆ ರಾಜ? ಮಲೇಷ್ಯಾದಲ್ಲಿ ಸುಲ್ತಾನರು ಸರದಿಯಲ್ಲಿ ದೇಶದ ರಾಜರಾಗುತ್ತಾರೆ ಅಂತ ಪಾಠ ಮಾಡಿದ್ದೇನೆ.

ಸೆರೆಂಬನ್_ವಾಸಿ

ಸರ್, ಇದನ್ನು ಹೇಳಲು ನನಗೆ ತುಂಬಾ ಇಷ್ಟ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ನೆಗರಿ ಸೆಂಬಿಲಾನ್‌ನಲ್ಲಿ ಸುಲ್ತಾನ ಇಲ್ಲ. ಇಲ್ಲಿನ ಅರಸರ ಬಿರುದು ‘ಯಾಂಗ್ ದಿ-ಪರ್ತುವಾನ್ ಬೆಸಾರ್’. ಅವರನ್ನು ಆರಿಸುವವರು ಆ ನಾಲ್ಕು ಉಂದಾಂಗ್‌ಗಳು. ಈ ನಾಡುಗಳ ಮುಖ್ಯಸ್ಥರು ತಮ್ಮ ಮೇಲೆ ಒಬ್ಬ ಅರಸ ಬೇಕು ಅಂತ ಮಿನಂಗ್‌ಕಬಾವ್ ಅರಮನೆಯಾದ ಪಗರುಯುಂಗ್‌ನಿಂದ ಒಬ್ಬ ರಾಜಕುಮಾರನನ್ನು ಕರೆಸಿಕೊಂಡರು. ಅವರೇ ರಾಜಾ ಮೆಲೆವಾರ್. 1773ರಲ್ಲಿ ಪಟ್ಟ ಕಟ್ಟಿದ್ದು ಎಲ್ಲಿ ಗೊತ್ತಾ? ಇದೇ ರೆಂಬಾವ್‌ನ ಪೆನಾಜಿಸ್‌ನಲ್ಲಿ.

ವಿಶೇಷ ಅಂದರೆ ಅರಸರ ಮನೆತನ ಮಾತ್ರ ತಂದೆ ಕಡೆಯಿಂದ ಸಾಗುತ್ತೆ. ಆರಿಸುವವರು ತಾಯಿ ಕಡೆಯವರು, ಆಯ್ಕೆಯಾಗುವವರು ತಂದೆ ಕಡೆಯವರು. ಉಂದಾಂಗ್‌ಗಳು ತಾವೇ ಅರಸರಾಗುವ ಹಾಗಿಲ್ಲ.

ಈ ಆಯ್ಕೆ ಬರೀ ಶಾಸ್ತ್ರಕ್ಕಲ್ಲ. 1967ರಲ್ಲಿ ಆಗಿನ ಅರಸ ತುವಾಂಕು ಮುನವೀರ್ ತೀರಿಕೊಂಡರು. ಮಗ ಮುಹ್ರಿಜ್‌ಗೆ ಇನ್ನೂ ಹತ್ತೊಂಬತ್ತು ವರ್ಷ. ಉಂದಾಂಗ್‌ಗಳು ಮುನವೀರ್ ಅವರ ಮಲತಮ್ಮ ಜಾಫರ್ ಅವರನ್ನು ಆರಿಸಿದರು. 2008ರ ಡಿಸೆಂಬರ್‌ನಲ್ಲಿ ಜಾಫರ್ ತೀರಿಕೊಂಡರು. ಅವರಿಗೂ ಗಂಡುಮಕ್ಕಳಿದ್ದರು. ಅವರಲ್ಲೇ ಒಬ್ಬರು ಅರಸರಾಗುತ್ತಾರೆ ಅಂತ ಯಾರಿಗಾದರೂ ಅನ್ನಿಸುತ್ತಿತ್ತು. ಉಂದಾಂಗ್‌ಗಳು ಕೂತು ಮಾತಾಡಿದರು. ಹೊರಬಂದ ಹೆಸರು ಮುಹ್ರಿಜ್! ನಲವತ್ತೊಂದು ವರ್ಷದ ಹಿಂದೆ ಅಪ್ಪನನ್ನು ಕಳೆದುಕೊಂಡಿದ್ದ ಅದೇ ಹುಡುಗ. “ನೀರು ದುಂಡಗಾಗುವುದು ಕೊಳವೆಯಿಂದ, ಮಾತು ದುಂಡಗಾಗುವುದು ಒಮ್ಮತದಿಂದ” ಅಂತ ಇಲ್ಲಿನ ಗಾದೆ.

ಇನ್ನೊಂದು. 1957ರಲ್ಲಿ ದೇಶ ಸ್ವತಂತ್ರ ಆದಾಗ ಮೊದಲ ದೊರೆಯಾಗಿ ಆರಿಸಿದ್ದು ಇದೇ ನೆಗರಿ ಸೆಂಬಿಲಾನ್‌ನ ತುವಾಂಕು ಅಬ್ದುಲ್ ರಹಮಾನ್ ಅವರನ್ನು. ಮಲೇಷ್ಯಾದ ನೋಟು ನಿಮ್ಮ ಕೈಗೆ ಬಂದರೆ ನೋಡಿ, ಎಲ್ಲದರ ಮೇಲೂ ಅವರದೇ ಮುಖ. ದೇಶದ ಸಂವಿಧಾನದಲ್ಲಿ ಕೂಡ ಈ ರಾಜ್ಯದ ‘ಅರಸ’ ಅಂದರೆ ತಮ್ಮ ಪರವಾಗಿ ಮತ್ತು ಉಂದಾಂಗ್‌ಗಳ ಪರವಾಗಿ ನಡೆದುಕೊಳ್ಳುವ ಯಾಂಗ್ ದಿ-ಪರ್ತುವಾನ್ ಬೆಸಾರ್ ಅಂತಲೇ ಬರೆದಿದ್ದಾರೆ. ಹಳ್ಳಿಯ ಕುಲದ ಲೆಕ್ಕ ಅಲ್ಲಿಯವರೆಗೂ ಮುಟ್ಟಿದೆ.

ವಕೀಲರ_ಓಣಿ

ಒಂದು ಮಾತು ಸೇರಿಸಬಹುದಾ? ಇಂಥ ಪದ್ಧತಿ ಸುಮ್ನೆ ನಂಬಿಕೆಯಿಂದ ಉಳಿಯುವುದಿಲ್ಲ. ಸೆರೆಂಬನ್ ಅವರು ಹೇಳಿದ ಆ ಷರಾ ಇದೆಯಲ್ಲ, ‘ಪದ್ಧತಿಯ ಭೂಮಿ’ ಅಂತ, ಅದರಲ್ಲೇ ಎಲ್ಲ ಇದೆ. ಬ್ರಿಟಿಷರ ಕಾಲದಲ್ಲಿ, 1909ರಲ್ಲಿ, ಅಲ್ಲಿ ಪದ್ಧತಿಯ ಭೂಮಿಗೆ ಒಂದು ಶಾಸನ ಬಂತು. 1926ರಲ್ಲಿ ಅದನ್ನು ಮತ್ತೆ ರೂಪಿಸಿದರು. ಆ ಹೊತ್ತಿಗೆ ರಬ್ಬರ್‌ಗೆ ಒಳ್ಳೆ ಬೆಲೆ, ಜಮೀನಿಗೆ ಬೇಡಿಕೆ. ಆಗ ಷರಾ ಬಿದ್ದ ಭೂಮಿ ಸುಕುಗಳ ಹೆಂಗಸರ ಕೈ ಬಿಟ್ಟು ಹೊರಗೆ ಹೋಗದ ಹಾಗೆ ತಡೆದದ್ದು ಆ ಶಾಸನ. ಬರೀ ಗಂಡುಮಕ್ಕಳೇ ಇದ್ದರೆ ಅವರು ಬದುಕಿರುವವರೆಗೆ ಅನುಭವಿಸಬಹುದು, ಆಮೇಲೆ ಭೂಮಿ ಕುಲದ ಹೆಂಗಸರಿಗೆ ಮರಳುತ್ತೆ.

ನಮ್ಮಲ್ಲಿ ಆದದ್ದು ಉಲ್ಟಾ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ‘ಕವರು’ಗಳಿಗೆ, ಅಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ಅಲ್ಲಿಯವರೆಗೆ ಎಲ್ಲರೂ ಒಪ್ಪದೆ ಕುಟುಂಬದ ಆಸ್ತಿ ಒಡೆಯುವ ಹಾಗಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಮೇಲೆ ಒಬ್ಬೊಬ್ಬರ ಪಾಲು ಅವರವರ ವಾರಸುದಾರರಿಗೆ ಹೋಗತೊಡಗಿತು. ಅಲ್ಲಿ ಕಾಗದ ಬೀಗ ಹಾಕಿತು, ಇಲ್ಲಿ ಕಾಗದ ಬೀಗ ತೆಗೆಯಿತು.

ಗುತ್ತಿನ_ಮಗಳು

ವಕೀಲರೇ, ನೀವು ಎರಡು ಸಾಲಲ್ಲಿ ಹೇಳಿದ್ದನ್ನು ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಅನುಭವಿಸಿದ್ದೀವಿ.

ನಮ್ಮ ಅಮ್ಮನ ಕುಟುಂಬದ ಮನೆ ದೊಡ್ಡದು. ಚಾವಡಿಯಲ್ಲಿ ಹಲಸಿನ ಮರದ ನಾಲ್ಕು ಕಂಬ. ಚಿಕ್ಕವಳಿದ್ದಾಗ ಆ ಕಂಬ ತಬ್ಬಿದರೆ ನನ್ನ ಕೈಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಗೇಣಿಗೆ ಕೊಟ್ಟ ಭೂಮಿ 1974ರ ಭೂಸುಧಾರಣೆಯಲ್ಲಿ ಉಳುವವರಿಗೆ ಹೋಯಿತು. ಅವರು ಬೆವರು ಸುರಿಸಿದವರು, ಅದರ ಬಗ್ಗೆ ನನಗೆ ದೂರಿಲ್ಲ. ಉಳಿದ ಮನೆ, ತೋಟಕ್ಕೆ ಪಾಲಿನ ಕೇಸು ಬಿತ್ತು. ಮಾವಂದಿರು, ಅವರ ಮಕ್ಕಳು, ದೊಡ್ಡಮ್ಮನ ಮಕ್ಕಳು, ಎಲ್ಲರೂ ಕೋರ್ಟಿನ ಮೆಟ್ಟಿಲು ಹತ್ತಿದರು. ಕೊನೆಗೆ ಮನೆ ಮಾರಿ ದುಡ್ಡು ಹಂಚಿಕೊಂಡರು. ಕಂಬಗಳನ್ನು ಯಾರೋ ಲಾರಿಯಲ್ಲಿ ಒಯ್ದರು. ಅಮ್ಮ ಆ ದಿನ ಊಟ ಮಾಡಲಿಲ್ಲ. “ಮನೆ ಇಲ್ಲದಿದ್ದರೆ ದೈವಕ್ಕೆ ಎಲ್ಲಿ ದೀಪ ಇಡುವುದು” ಅಂತ ಅಷ್ಟೇ ಕೇಳಿದರು.

ರೆಂಬಾವ್‌ನ ಅಜ್ಜಿ ಬಟ್ಟೆಗಳ ಕೆಳಗೆ ಪತ್ರ ಇಟ್ಟುಕೊಂಡಿದ್ದಾರೆ ಅಂತ ಓದಿದಾಗ ಕಣ್ಣು ತುಂಬಿ ಬಂತು. ಆ ಪತ್ರ ನಮ್ಮ ಅಮ್ಮನ ಹತ್ತಿರ ಇರಲಿಲ್ಲ. ಕುಟುಂಬದ ಯಜಮಾನ ದೊಡ್ಡ ಮಾವ, ಕಾಗದ ಎಲ್ಲ ಅವರ ಪೆಟ್ಟಿಗೆಯಲ್ಲಿ. ಸಂತಾನ ನಮ್ಮಿಂದ, ಸಹಿ ಅವರದು. ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದೇ.

ಸೆರೆಂಬನ್_ವಾಸಿ

ಅಕ್ಕ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ‘ಸಂತಾನ ನಮ್ಮಿಂದ, ಸಹಿ ಅವರದು’ ಅನ್ನುವ ಮಾತನ್ನು ನಾನು ಮರೆಯಲ್ಲ. ಇಲ್ಲಿಯೂ ಸುಕುವಿನ ಸಭೆಯಲ್ಲಿ ಮಾತಾಡುವವರು ಹೆಚ್ಚಾಗಿ ಗಂಡಸರೇ. ಆದರೆ ಜಮೀನಿನ ಪತ್ರದಲ್ಲಿ ಹೆಂಗಸಿನ ಹೆಸರೇ ಇರುವುದರಿಂದ ಅವರಿಲ್ಲದೆ ಏನೂ ಕದಲುವುದಿಲ್ಲ.

ಘಟ್ಟದ_ಕೃಷಿಕ

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ನಾನು ಜಮೀನು ಮಾಡುವವನು. ಮಾರುವ ಹಾಗಿಲ್ಲ, ಹೊರಗಿನವರಿಗೆ ಕೊಡುವ ಹಾಗಿಲ್ಲ ಅಂದರೆ ಬ್ಯಾಂಕು ಸಾಲ ಕೊಡುತ್ತಾ? ಒಂದು ಪತ್ರದಲ್ಲಿ ಹತ್ತು ಹೆಣ್ಣುಮಕ್ಕಳ ಹೆಸರಿದ್ದರೆ ಉಳುವವರು ಯಾರು? ನಮ್ಮ ಕಡೆ ಜಂಟಿ ಖಾತೆ ಜಮೀನು ಪಾಳು ಬಿದ್ದಿರುವುದನ್ನು ದಿನಾ ನೋಡ್ತೀನಿ. ಗಂಡ ಆದವನಿಗೂ ಮರ್ಯಾದೆ ಬೇಕಲ್ವಾ? ಜೀವನ ಪೂರ್ತಿ ಹೆಂಡತಿ ಮನೆಯಲ್ಲಿ ನೆಂಟನ ಹಾಗೆ ಇರುವುದು ಸುಲಭ ಅಲ್ಲ. ನಮ್ಮಲ್ಲಿ ಮನೆ ಅಳಿಯ ಅಂದರೆ ಊರು ಆಡಿಕೊಳ್ಳುತ್ತೆ.

ಸೆರೆಂಬನ್_ವಾಸಿ

ಬೇಸರ ಯಾಕೆ, ನಿಮ್ಮ ಮಾತಲ್ಲಿ ಸತ್ಯ ಇದೆ. ಆ ಊರಿನ ದಾರಿಯಲ್ಲೇ ಪಾಳು ಗದ್ದೆ ಎಷ್ಟೋ ನೋಡಿದೆ. ಹುಲ್ಲು ಸೊಂಟದ ಎತ್ತರ ಬೆಳೆದಿತ್ತು. ಹುಡುಗಿಯರು ಓದಿ ಸೆರೆಂಬನ್, ಕೌಲಾಲಂಪುರ ಸೇರಿದ್ದಾರೆ. ಸಾಲದ ತೊಂದರೆಯನ್ನು ಸಹೋದ್ಯೋಗಿಯ ತಂಗಿಯೇ ಹೇಳಿದರು. ಹೆಸರಿದೆ, ಭೂಮಿ ಇದೆ, ಒತ್ತೆ ಇಡಲು ಆಗಲ್ಲ ಅಂತ.

ಗಂಡನ ವಿಷಯ. ಇಲ್ಲಿ ಅವನಿಗೆ ‘ಒರಾಂಗ್ ಸೆಮೆಂದಾ’ ಅಂತಾರೆ, ಅಂದರೆ ಮದುವೆಯಿಂದ ಬಂದವನು. ಅವನಿಗಾಗಿ ಗಾದೆಗಳ ಒಂದು ಸಾಲೇ ಇದೆ: ಜಾಣನಾದರೆ ಸಲಹೆ ಕೇಳೋಣ, ಹೀಗೆ ಪ್ರತಿಯೊಬ್ಬನಿಗೂ ಅವನವನ ಶಕ್ತಿಗೆ ತಕ್ಕ ಕೆಲಸ. ಆಡಿಕೊಳ್ಳುವ ಪ್ರಶ್ನೆಯೇ ಬರಲ್ಲ, ಯಾಕೆಂದರೆ ಊರಲ್ಲಿ ಎಲ್ಲ ಗಂಡಸರೂ ಮನೆ ಅಳಿಯಂದಿರೇ! ಅಪ್ಪನೂ, ಅಜ್ಜನೂ. ಅದೇ ಗಂಡಸು ಅಕ್ಕತಂಗಿಯರ ಮನೆಗೆ ಹೋದಾಗ ಸೋದರಮಾವ. ಅಲ್ಲಿ ಅವನ ಮಾತಿಗೆ ತೂಕ. ಸೊಸೆ ಅನ್ನಿಸಿಕೊಂಡವಳು ನಮ್ಮಲ್ಲಿ ಇದನ್ನೇ ತಾನೇ ಜೀವನ ಪೂರ್ತಿ ಮಾಡುವುದು? ಬೇರೆಯವರ ಮನೆಗೆ ಹೋಗಿ, ಅಲ್ಲಿ ಹೊಂದಿಕೊಂಡು, ತವರಿಗೆ ಬಂದಾಗ ಮಾತ್ರ ಮನಸ್ಸು ಬಿಚ್ಚಿ ಮಾತಾಡುವುದು. ಅದು ಸುಲಭ ಅಲ್ಲ ಅಂತ ನೀವು ಹೇಳಿದ್ದು ಸರಿ. ಅವಳಿಗೂ ಸುಲಭ ಅಲ್ಲ.

ಹಾಸನದ_ಹುಡುಗಿ

ಈ ಕೊನೆಯ ಪ್ಯಾರಾ ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ನಿನ್ನ ಅಜ್ಜಿ ತವರಿಗೆ ಹೋದರೆ ಮೂರು ದಿನ ಜಾಸ್ತಿಯೇ ಉಳಿಯುತ್ತಿದ್ದಳು” ಅಂದರು.

ವಕೀಲರ_ಓಣಿ

ಕೃಷಿಕರ ಪ್ರಶ್ನೆಗೆ ನನ್ನದೂ ಒಂದು ಮಾತು. ಪದ್ಧತಿ ಬಾಯಿಮಾತಲ್ಲಿ ಇದ್ದಾಗ ಹಿರಿಯರು ಕೂತು ಸಂದರ್ಭ ನೋಡಿ ಸಡಿಲ ಬಿಡುತ್ತಿದ್ದರು. ಪುಸ್ತಕಕ್ಕೆ ಇಳಿದಮೇಲೆ ಗುಮಾಸ್ತ ಪುಸ್ತಕ ನೋಡ್ತಾನೆ, ಮನುಷ್ಯರನ್ನು ನೋಡಲ್ಲ. 1909ರ ಶಾಸನ ಭೂಮಿಯನ್ನು ಉಳಿಸಿತು, ಜೊತೆಗೆ ಗಟ್ಟಿಯೂ ಮಾಡಿಬಿಟ್ಟಿತು. ಎರಡೂ ನಿಜ.

ಅಂದಹಾಗೆ, ಪರ್ಪಾತಿಹ್‌ನ ಹಳೇ ಅಪರಾಧ ನ್ಯಾಯ ಓದಿದವರಿದ್ದೀರಾ? ಗಾಯ ಮಾಡಿದರೆ ಪರಿಹಾರ, ಕೊಂದರೆ ಬದಲಿ. ಬದಲಿ ಅಂದರೆ ಪ್ರಾಣಕ್ಕೆ ಪ್ರಾಣ ತೆಗೆಯುವುದಲ್ಲ. ಕೊಂದವನ ಕುಲ ತನ್ನವರಲ್ಲಿ ಒಬ್ಬರನ್ನು ಸತ್ತವನ ಕುಲಕ್ಕೆ ಕೊಡಬೇಕು. ಒಂದು ಮನೆಯಲ್ಲಿ ಒಬ್ಬರು ಕಡಿಮೆಯಾದರು, ಆ ಜಾಗ ತುಂಬಬೇಕು ಅನ್ನುವ ಲೆಕ್ಕ. ವಕೀಲನಾಗಿ ನನ್ನನ್ನು ಬಹಳ ದಿನ ಕಾಡಿದ ವಿಷಯ ಇದು.

ಗುತ್ತಿನ_ಮಗಳು

ಸೆರೆಂಬನ್ ಅಣ್ಣ, ಒಂದು ಕೇಳಬೇಕು. ಆ ಅಜ್ಜಿಯ ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳು ಇದ್ದಾರಾ? ಮುಂದೆ ಆ ಪತ್ರದಲ್ಲಿ ಯಾರ ಹೆಸರು? ಮತ್ತೆ ಅಲ್ಲಿ ಹೋದರೆ ಅವರಿಗೆ ನನ್ನ ನಮಸ್ಕಾರ ತಿಳಿಸಿ. ಇಲ್ಲೂ ತಾಯಿಯ ಹೆಸರಲ್ಲಿ ಕುಲ ಎಣಿಸುವವರು ಇದ್ದಾರೆ ಅಂತ ಹೇಳಿ.

ಸೆರೆಂಬನ್_ವಾಸಿ

ಅಕ್ಕ, ನಿನ್ನೆ ಭಾನುವಾರ ಮತ್ತೆ ಹೋಗಿದ್ದೆ. ನಿಮ್ಮ ನಮಸ್ಕಾರ ತಿಳಿಸಿದೆ.

ಅಜ್ಜಿಗೆ ಮೊದಲು ನಂಬಿಕೆ ಬರಲಿಲ್ಲ. ಇಲ್ಲಿನ ಹಳ್ಳಿ ಮಾತಿನಲ್ಲಿ ‘ಅಪಾ’ ಅನ್ನುವುದು ‘ಅಪೊ’ ಆಗುತ್ತೆ, ಅಂದರೆ ಏನು ಅಂತ. “ಅಪೊ? ಇಂಡಿಯಾದಲ್ಲಾ?” ಅಂತ ಎರಡು ಸಲ ಕೇಳಿದರು. ನಿಮ್ಮ ಕುಟುಂಬದ ಮನೆ ಕಥೆ ಹೇಳಿದೆ. ಕಂಬಗಳನ್ನು ಲಾರಿಯಲ್ಲಿ ಒಯ್ದದ್ದು ಹೇಳಿದಾಗ ಅಜ್ಜಿ ತಮ್ಮ ಪಕ್ಕದಲ್ಲಿದ್ದ ಕಂಬದ ಮೇಲೆ ಕೈ ಇಟ್ಟರು. ಏನೂ ಹೇಳಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ದೊಡ್ಡ ಮಗಳಿಗೆ ಮೂವರೂ ಗಂಡುಮಕ್ಕಳು. ಚಿಕ್ಕ ಮಗಳಿಗೆ ಒಬ್ಬಳೇ ಹುಡುಗಿ, ಹನ್ನೊಂದು ವರ್ಷ. ಅಜ್ಜಿ ಲೆಕ್ಕ ಹಾಕಿಬಿಟ್ಟಿದ್ದಾರೆ. ಎರಡೂ ಪಾಲು ಅವಳಿಗೇ ಬರಬೇಕು. ಆ ಹುಡುಗಿ ನಾವು ಮಾತಾಡುವಾಗ ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡುತ್ತಿದ್ದಳು. ಅಜ್ಜಿ ಅವಳನ್ನು ಒಳಗೆ ಕರೆದು ನಿಮ್ಮ ಬಗ್ಗೆ ಹೇಳಲು ನನಗೆ ಹೇಳಿದರು. ಹೇಳಿದೆ. ಅವಳು ಕೇಳಿದ್ದು ಒಂದೇ: “ಆ ಅಕ್ಕನಿಗೆ ಈಗ ಮನೆ ಇದೆಯಾ?”

ಏನು ಹೇಳಲಿ ಅಕ್ಕ?

ಗುತ್ತಿನ_ಮಗಳು

ಇದೆ ಅಂತ ಹೇಳಿ. ಚಿಕ್ಕದು. ನನ್ನ ಹೆಸರಲ್ಲೇ ಇದೆ. ಪತ್ರ ನನ್ನ ಕಪಾಟಿನಲ್ಲೇ ಇದೆ.